ಯಾವ ಕಲೆ?

“ನಿಮಗೆ ಯಾವ ಕಲೆ ಗೊತ್ತು?” ಎಂದು ಕಲಾಶೋಧಕ ಯಂತ್ರ ಕೇಳಿದಾಗ ಮಾಚಯ್ಯನ ಕಣ್ಣು ತುಂಬಿ ಬಂತು. ಹನ್ನೊಂದು ವರ್ಷದಿಂದ ಯಾರೊಬ್ಬರೂ ಅವನನ್ನು ಆ ಮಾತು ಕೇಳಿರಲಿಲ್ಲ.

“ಯಾವುದು ಗೊತ್ತಿಲ್ಲ ಅಂತ ಕೇಳಪ್ಪ. ನಮ್ಮಪ್ಪನ ಕಾಲದಿಂದ್ಲೂ ಅದೇ ಕಸುಬು. ಎಂಥೆಂಥಾ ಕಲೆ ನೋಡಿವ್ನಿ ನಾನು.”

ಮಣಿಕಟ್ಟಿಗೆ ಸುತ್ತಿದ್ದ ಪಟ್ಟಿ ಅವನ ನಾಡಿ ಹಿಡಿದು ನೋಡಿತು. ಮೇಜಿನ ಮೇಲೆ ಕೂತಿದ್ದ, ತೆಂಗಿನಕಾಯಿ ಗಾತ್ರದ ಯಂತ್ರ ಅವನ ಕಣ್ಣಿನ ಹೊಳಪು, ದನಿಯ ಏರಿಳಿತ ಎಲ್ಲವನ್ನೂ ಅಳೆಯಿತು. ಅದು ಪರೀಕ್ಷಿಸಿದ್ದ ಒಂಬೈನೂರು ವೃದ್ಧರಲ್ಲಿ ಇಷ್ಟು ಉತ್ಸಾಹ ಯಾರಿಗೂ ಇರಲಿಲ್ಲ. ‘ಬಹುಕಲಾ ನಿಪುಣ’ ಎಂದು ದಾಖಲಿಸಿಕೊಂಡಿತು.

ಪಾಪ, ಅದರ ತಪ್ಪೇನು? ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸುವುದೂ ಕನ್ನಡದಲ್ಲಿ ಕಲೆಯೇ, ಅಂಗಿಯ ಮೇಲೆ ಸಾರು ಚೆಲ್ಲಿದರೆ ಉಳಿಯುವುದೂ ಕಲೆಯೇ. ಮಾಚಯ್ಯ ಮೈಸೂರಿನಲ್ಲಿ ಐವತ್ತು ವರ್ಷ ಊರವರ ಬಟ್ಟೆ ಒಗೆದ ಮಡಿವಾಳ. ಕೊಳೆ ಅಂಟದ ಬಟ್ಟೆಗಳು ಬಂದ ಮೇಲೆ ಅವನ ಕಸುಬು ಮುಳುಗಿತು. ಹೆಂಡತಿ ತೀರಿದ ಮೇಲೆ ಅವನು ಊರಾಚೆಯ ಈ ‘ಸಂಜೆಮನೆ’ ಎಂಬ ವೃದ್ಧಾಶ್ರಮಕ್ಕೆ ಬಂದು ಸೇರಿದ.

ಕಲಾಶೋಧಕವನ್ನು ಕಟ್ಟಿದವಳು ಡಾಕ್ಟರ್ ವಾರಿಜಾ, ಮುಪ್ಪಿನ ಮನಸ್ಸನ್ನು ಅಧ್ಯಯನ ಮಾಡುತ್ತಿದ್ದ ವಿಜ್ಞಾನಿ. ವೃದ್ಧಾಶ್ರಮಗಳಲ್ಲಿ ಹಿರಿಯರ ಕೈಗೆ ಮಕ್ಕಳ ಬಣ್ಣದ ಪುಸ್ತಕ ಕೊಟ್ಟು ಕೂರಿಸುತ್ತಿದ್ದುದನ್ನು ಕಂಡು ಅವಳಿಗೆ ಸಿಟ್ಟು ಬಂದಿತ್ತು. ಸಂಸಾರ ತೂಗಿಸಿದವರು, ಶಾಲೆ ನಡೆಸಿದವರು ಗಿಣಿಗೆ ಹಸಿರು ತುಂಬುತ್ತಾ ಕೂರಬೇಕೇ? ಒಬ್ಬೊಬ್ಬರೊಳಗೂ ಇರುವ ಆಸಕ್ತಿಯನ್ನು ಹುಡುಕಿ, ಅವರವರಿಗೆ ಒಗ್ಗುವ ಸೃಜನಶೀಲ ಚಟುವಟಿಕೆಯನ್ನು ಸೂಚಿಸುವ ಯಂತ್ರ ಅವಳ ಆರು ವರ್ಷದ ದುಡಿಮೆ. ಉದ್ದೇಶ ಒಳ್ಳೆಯದೇ.

ನಿಪುಣರಿಗೆ ಏಕಾಂತ ಬೇಕೆಂಬುದು ಯಂತ್ರದ ಲೆಕ್ಕಾಚಾರ. ಮಾಚಯ್ಯನಿಗೆ ಮಹಡಿಯ ಮೇಲೆ ಒಂಟಿ ಕೋಣೆ ಸಿಕ್ಕಿತು. ಚಿತ್ರ ಬರೆಯುವ ಬಟ್ಟೆ, ಬಣ್ಣ, ಕುಂಚ ಎಲ್ಲ ಬಂದವು. ಬಾಗಿಲಿಗೆ ‘ಕಲಾವಿದರಿದ್ದಾರೆ, ಸದ್ದು ಮಾಡಬೇಡಿ’ ಎಂಬ ಫಲಕ. ಕೆಳಗಿನ ಹಾಲಿನಲ್ಲಿದ್ದಾಗ ಪಕ್ಕದ ಮಂಚದವನ ಕೆಮ್ಮಾದರೂ ಕೇಳುತ್ತಿತ್ತು. ಇಲ್ಲಿ ಅದೂ ಇಲ್ಲ. ಊಟ ತಂದವರು ತಟ್ಟೆ ಇಟ್ಟು ಹೋಗುತ್ತಿದ್ದರು. ಏನೋ ಎಡವಟ್ಟಾಗಿದೆ ಎಂದು ಅವನಿಗೂ ಹೊಳೆಯದೆ ಇರಲಿಲ್ಲ. ಬಾಯಿ ಬಿಡಲಿಲ್ಲ. ಏಕೆಂದರೆ ದಿನಾ ಬೆಳಿಗ್ಗೆ ಯಂತ್ರ “ಇವತ್ತು ಯಾವ ಕಲೆಯ ಬಗ್ಗೆ ಹೇಳುತ್ತೀರಿ?” ಎಂದು ಕೇಳುತ್ತಿತ್ತು. ನಿಜ ಹೇಳಿದರೆ ಆ ಒಂದು ಮಾತೂ ನಿಂತುಹೋದೀತೆಂದು ಅವನಿಗೆ ಭಯ.

ಅವನು ಹೇಳಿದ. ಅರಿಸಿನದ ಕಲೆಗೆ ಬಿಸಿಲೇ ಮದ್ದು. ರಕ್ತಕ್ಕೆ ಬಿಸಿನೀರು ತಾಕಿಸಿದರೆ ಕೆಟ್ಟೆ, ತಣ್ಣೀರೇ ಆಗಬೇಕು. ಯಂತ್ರ ಹೂಂಗುಟ್ಟುತ್ತಾ ಬರೆದುಕೊಂಡಿತು. ಅದಕ್ಕೆ ಎಷ್ಟು ಅರ್ಥವಾಯಿತೋ, ಶಿವನೇ ಬಲ್ಲ.

ಒಂದು ದಿನ ಅದೇ ಆಶ್ರಮದ ಅಲಮೇಲಮ್ಮ ಬಾಗಿಲಲ್ಲಿ ನಿಂತಿದ್ದಳು. ನಿವೃತ್ತ ಶಾಲಾ ಮೇಷ್ಟರಮ್ಮ. ಫಲಕಗಳಿಗೆಲ್ಲ ಹೆದರುವ ಜೀವವಲ್ಲ. ವರಾಂಡದಲ್ಲಿ ನಡೆಯುತ್ತಾ ಅವನ ಮಾತು ಕೇಳಿಸಿಕೊಂಡಿದ್ದಳು. ಕೈಯಲ್ಲಿ ಪೆಟ್ಟಿಗೆಯ ತಳದಿಂದ ತೆಗೆದ ಹಳೆಯ ನೂಲಿನ ಸೀರೆ ಇತ್ತು. ಸೆರಗಿನಲ್ಲಿ ನಾಲ್ಕು ಬೆರಳಿನ ಕಂದು ಗುರುತು.

ಕಲೆ ಕಂಡರೆ ಮಡಿವಾಳ ಮೊದಲು ಕೇಳುವುದು ಎರಡೇ ಪ್ರಶ್ನೆ. ಮದ್ದು ಗೊತ್ತಾಗಬೇಕಾದರೆ ಕೇಳಲೇಬೇಕು.

“ಯಾತರ ಕಲೆ ತಾಯಿ ಇದು? ಯಾವಾಗ ಆಯ್ತು?”

ಬಾಳೆಕಾಯಿಯ ಸೊನೆ ಎಂದಳು. ಐವತ್ತೆಂಟು ವರ್ಷದ ಹಿಂದೆ ಮೊದಲ ಕೆಲಸಕ್ಕೆಂದು ಬಸ್ಸು ಹತ್ತಲು ಹೊರಟಾಗ, ಒಳಗೆ ಬಾಳೆಕಾಯಿ ಹೆಚ್ಚುತ್ತಿದ್ದ ತಂಗಿ ವೈದೇಹಿ ಕೈ ಕೂಡ ತೊಳೆಯದೆ ಓಡಿಬಂದು ತಬ್ಬಿಕೊಂಡಿದ್ದಳು. ಹೊಸ ಸೀರೆ ಹಾಳಾಯಿತೆಂದು ಇವಳು ಚೆನ್ನಾಗಿ ಬೈದು ಹೊರಟುಬಿಟ್ಟಳು. ವೈದೇಹಿ ಈಗಿಲ್ಲ. ಅಲಮೇಲಮ್ಮ ಇದನ್ನು ಯಾರ ಮುಂದೆಯೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಬಾಳೆಯ ಕಲೆ ಸುಲಭಕ್ಕೆ ಬಿಡುವುದಿಲ್ಲ, ಆದರೂ ಹುಳಿಮಜ್ಜಿಗೆಯಲ್ಲಿ ನೆನೆಹಾಕಿ ತೆಗೆಯುವ ಒಂದು ಉಪಾಯ ಅಪ್ಪ ಹೇಳಿಕೊಟ್ಟಿದ್ದಾನೆ, ತೆಗೆಯಲೇ ಎಂದು ಮಾಚಯ್ಯ ಕೇಳಿದ. ಅವಳು ಸೀರೆಯನ್ನು ಸರಕ್ಕನೆ ಮಡಚಿಕೊಂಡು ಹೋದಳು.

ಮರುದಿನ ಅದೇ ಸೀರೆ ಹಿಡಿದು ಮತ್ತೆ ಬಂದಳು. ಅವನು ಮತ್ತೆ ಅದನ್ನೇ ಕೇಳಿದ. ಅವಳು ಮತ್ತೆ ಹೇಳಿದಳು. ಸುದ್ದಿ ಹಬ್ಬಿತು. ಇನ್ನೊಬ್ಬರು ಮಸಿ ಬಿದ್ದ ಜುಬ್ಬ ತಂದರು, ಮತ್ತೊಬ್ಬರು ಮೊಮ್ಮಗುವಿನ ಕುಲಾವಿ. ಯಾವ ಚಟುವಟಿಕೆಗೂ ಜಗ್ಗದವರು ಮಹಡಿ ಹತ್ತಿದರು. ಯಾರೊಬ್ಬರೂ ಕಲೆ ತೆಗೆಸಲಿಲ್ಲ. ಮಾಚಯ್ಯನಿಗೆ ಊಟ ರುಚಿಸತೊಡಗಿತು.

ಆಗಲೇ ಡಾಕ್ಟರ್ ವಾರಿಜಾ ತನ್ನ ಯಂತ್ರ ಕಂಡುಹಿಡಿದ ಮಹಾಕಲಾವಿದನನ್ನು ನೋಡಲು ಬಂದಳು. ಚಿತ್ರದ ಬಟ್ಟೆ ಹಾಲಿನಷ್ಟು ಬೆಳ್ಳಗಿತ್ತು. ಬಣ್ಣ ಒಂದೆರಡು ಹನಿ ಸಿಡಿದಿತ್ತೆಂದೂ ತಾನೇ ತೊಳೆದು ತೆಗೆದೆನೆಂದೂ ಮಾಚಯ್ಯ ಹೆಮ್ಮೆಯಿಂದ ಹೇಳಿದ. ವಾರಿಜಾ ದಾಖಲೆಗಳನ್ನು ಓದಿದಳು, ನಕ್ಕಳು, ಆಮೇಲೆ ನಾಚಿ ಕೈ ಮುಗಿದು ಕ್ಷಮೆ ಕೇಳಿದಳು.

“ತಪ್ಪಾಗಿದ್ರೆ ಸರಿ ಮಾಡ್ಕಳಿ ಅವ್ವ,” ಎಂದ ಮಾಚಯ್ಯ. “ಕೇಳೋದೊಂದು ನಿಲ್ಲಿಸ್ಬೇಡಿ.”

ಅವಳು ಯಂತ್ರದ ಪದಕೋಶವನ್ನು ಅಂದೇ ಸರಿಪಡಿಸಿದಳು. ಅಷ್ಟಕ್ಕೆ ಸುಮ್ಮನಾಗಲಿಲ್ಲ, ಈ ವಿದ್ಯೆ ವ್ಯರ್ಥವಾಗಬಾರದೆಂದು ಮಾಚಯ್ಯ ಹೇಳಿದ್ದನ್ನೆಲ್ಲ ಸಂಜೆಮನೆಯ ಒಗೆಯುವ ಯಂತ್ರಕ್ಕೆ ಕಲಿಸಿದಳು. ಹಿರಿಯರಿಗೆ ಉಪಕಾರವಾಗಲಿ ಎಂದು ಎಲ್ಲರ ಕಪಾಟಿನ ಹಳೆಯ ಬಟ್ಟೆಗಳನ್ನು ಒಯ್ದು ಒಗೆಸಿದಳು. ವಾರದೊಳಗೆ ಬಟ್ಟೆಗಳು ಥಳಥಳ ಹೊಳೆಯುತ್ತಾ ಮರಳಿದವು. ಒಂದರಲ್ಲೂ ಒಂದು ಚುಕ್ಕೆಯಿಲ್ಲ.

ಮಾಚಯ್ಯ ಕೆಳಗಿನ ಹಾಲಿಗೆ ಬಂದ. ‘ಕಲಾಸಕ್ತಿ ಇಲ್ಲ, ವಿಶ್ರಾಂತಿ’ ಎಂದು ಯಂತ್ರ ಅವನ ಹೆಸರಿನ ಮುಂದೆ ಬರೆಯಿತು. ಆಮೇಲೆ ಅದು ಮಾತಾಡಲಿಲ್ಲ. ಬಟ್ಟೆ ಹಿಡಿದು ಬರುತ್ತಿದ್ದವರೂ ಬರಲಿಲ್ಲ. ಏನೆಂದು ಬರುತ್ತಾರೆ? ತೋರಿಸಲು ಏನಿದೆ? ಅವನು ಗೋಡೆ ಕಡೆ ತಿರುಗಿ ಮಲಗಿದ. ತನ್ನ ಬಾಯಿಂದಲೇ ಎಲ್ಲ ಹೋಯಿತಲ್ಲ ಎಂದು ಅವನಿಗೆ ಅಳು ಬಂತು.

ಹತ್ತನೆಯ ದಿನ ಅಲಮೇಲಮ್ಮ ಬಂದು ಮಂಚದ ಪಕ್ಕ ಕೂತಳು. ಸೀರೆಯ ಸೆರಗು ಬಿಡಿಸಿ ಅವನ ಮುಂದೆ ಹರಡಿದಳು.

“ವೈದೇಹಿ ಕೈ ಹೋಯ್ತು, ಮಾಚಯ್ಯ.”

ಅವನು ಎದ್ದು ಕೂತ. ಬಟ್ಟೆಯ ಮೇಲೆ ಬೆರಳಾಡಿಸಿದ. ಗುರುತು ಹೋಗಿದ್ದರೂ ಜಾಗ ಅವನಿಗೆ ನೆನಪಿತ್ತು. ಕಿರುಬೆರಳಿನದು ಸ್ವಲ್ಪ ಓರೆ. ಅಡುಗೆಮನೆಯ ಹಿಂದಿದ್ದ ಬಾಳೆಯ ಬುಡಕ್ಕೆ ಅವಳನ್ನು ಕರೆದೊಯ್ದ. ಕಾಯೊಂದನ್ನು ಮುರಿದು, ಜಿನುಗಿದ ಸೊನೆಯಲ್ಲಿ ಕಡ್ಡಿ ಅದ್ದಿಕೊಂಡ. ಹುಟ್ಟಿದಾಗಿನಿಂದ ತೆಗೆದದ್ದೇ ಹೊರತು ಬಟ್ಟೆಗೆ ಒಂದು ಕಲೆ ಹಾಕಿದವನಲ್ಲ. ಆದರೂ ನಾಲ್ಕು ಬೆರಳನ್ನೂ ಅದದೇ ಜಾಗದಲ್ಲಿ ಬಿಡಿಸಿದ.

ಹಸಿ ಸೊನೆಗೆ ಬಣ್ಣವಿರುವುದಿಲ್ಲ. ಸೆರಗಿನಲ್ಲಿ ಬರೀ ತೇವ ಕಾಣುತ್ತಿತ್ತು. ಮೂಡಲು ಎಷ್ಟು ಹೊತ್ತು ಬೇಕು ಎಂದು ಅಲಮೇಲಮ್ಮ ಕೇಳಿದಳು.

ಮಾಚಯ್ಯ ಐವತ್ತು ವರ್ಷದ ಕಸುಬಿನಲ್ಲಿ ಮೊದಲ ಸಲ ಸುಳ್ಳು ಹೇಳಿದ.

“ತಿಂಗಳಾಯ್ತದೆ ತಾಯಿ. ದಿನಾ ಬಂದು ನೋಡ್ತಿರ್ಬೇಕು.”

ಬಾಳೆಯ ಸೊನೆ ಬೆಳಗಾಗುವಷ್ಟರಲ್ಲಿ ಕಪ್ಪಿಡುತ್ತದೆಂಬುದು, ಅರವತ್ತು ವರ್ಷ ಬಾಳೆಕಾಯಿ ಹೆಚ್ಚಿದ ಅಲಮೇಲಮ್ಮನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅವಳು ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡು, “ಆಗಲಿ, ದಿನಾ ಬರ್ತೀನಿ,” ಎಂದಳು.