ಖಾಲಿ ಡಬ್ಬಿ ಕೊಡಬಾರದು

"ಗಗನಾ ಅಂದ್ರೆ ನೀವೇನಾ?"

ಮಧುರವಾಡದ ಆಫೀಸಿನ ಗೇಟಿನಲ್ಲಿ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದವನನ್ನು ಅವಳು ನೋಡಿದ್ದು ಅದೇ ಮೊದಲು. ಆದರೂ ಯಾರೆಂದು ತಕ್ಷಣ ಹೊಳೆಯಿತು!

ತೇಜಸ್! ನಿನ್ನೆಯಿಡೀ ವಿಶಾಖಪಟ್ಟಣದ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಅವಳು ಜಗಳವಾಡಿದ್ದು ಇವನ ಜೊತೆಗೇ.

ಜಗಳ ಶುರುವಾದದ್ದು ಒಂದು ಫೋಟೋದಿಂದ. ತೇಜಸ್‌ನ ತಾಯಿ ಚಂದ್ರಮ್ಮ ಮಂಡ್ಯದವರು, ಗಂಡನ ನೌಕಾಪಡೆಯ ಕೆಲಸಕ್ಕಾಗಿ ಈ ಊರಿಗೆ ಬಂದವರು. ಅಮ್ಮ ಯುಗಾದಿಗೆ ಆರ್ಡರ್ ತೆಗೆದುಕೊಂಡು ಹೋಳಿಗೆ ಮಾಡಿಕೊಡುತ್ತಾರೆಂದು ಅವನು ಹೂರಣದ ಫೋಟೋ ಹಾಕಿದ್ದ. ಹೂರಣ ಕಪ್ಪಗಿತ್ತು.

'ಹಳೇ ಬೆಲ್ಲ. ಹಬ್ಬದ ಹೆಸರಲ್ಲಿ ಮೋಸ!' ಎಂದು ಬರೆದಳು ಗಗನಾ.

'ಏನೂ ಬೆರೆಸದ ಬೆಲ್ಲ ಹೀಗೇ ಇರುತ್ತೆ ಮೇಡಂ' ಎಂದ ಅವನು.

ಅಷ್ಟಕ್ಕೇ ಬಿಡಬಹುದಿತ್ತು. ಬಿಟ್ಟಳೇ? ಒಂದಕ್ಕೆ ಹತ್ತು ಬರೆದಳು. ಎಲ್ಲಿಂದಲೋ ಬೂಷ್ಟು ಹಿಡಿದ ಬೆಲ್ಲದ ಚಿತ್ರವನ್ನೂ ತಂದು ಅಂಟಿಸಿದಳು!

"ನೀವು ಬೈದ ಹೋಳಿಗೆ ಇದೇ," ತೇಜಸ್ ಡಬ್ಬಿ ಚಾಚಿದ. "ತಿಂದು ನೋಡಿ. ಆಮೇಲೂ ಬೈಬೇಕು ಅನ್ಸಿದ್ರೆ ಬೈರಿ."

ಅವನ ಕಣ್ಣಲ್ಲಿ ಕೋಪವಿರಲಿಲ್ಲ... ಅದೇ ಅವಳನ್ನು ಕೆರಳಿಸಿತು. ಡಬ್ಬಿ ಇಸಿದುಕೊಂಡವಳು ಮುಚ್ಚಳವನ್ನೂ ತೆಗೆಯದೆ ಗ್ರೂಪಿನಲ್ಲಿ ಬರೆದಳು: 'ನನ್ನ ಬಾಯಿ ಮುಚ್ಚಿಸಲು ಆಫೀಸಿಗೇ ಲಂಚ ತಂದಿದ್ದಾರೆ!'

ಅವನು ಮತ್ತೆ ಏನೂ ಬರೆಯಲಿಲ್ಲ. ಗೆದ್ದೆ ಅಂದುಕೊಂಡಳು, ಹುಚ್ಚು ಹುಡುಗಿ.

ಮರುದಿನ ಶನಿವಾರ. ರೈಲು ಹತ್ತಿ ವಿಜಯವಾಡದ ಪಟಮಟದಲ್ಲಿದ್ದ ತನ್ನ ಮನೆಗೆ ಬಂದಾಗ ಡಬ್ಬಿ ಬ್ಯಾಗಿನಲ್ಲೇ ಇತ್ತು. ಅವಳ ಅಮ್ಮ ಭ್ರಮರಾಂಬ ಅನಕಾಪಲ್ಲಿಯ ತೆಲುಗಿನವರು, ಕನ್ನಡದ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷವಾಗಿತ್ತು. ಡಬ್ಬಿ ತೆರೆದು ಒಂದು ಚೂರು ಬಾಯಿಗೆ ಹಾಕಿಕೊಂಡರು.

"ಅಬ್ಬಾ! ಇದು ನಮ್ಮೂರ ಬೆಲ್ಲ ಕಣೇ. ಯಾರು ಮಾಡಿದ್ದು?"

"ಅಮ್ಮಾ... ಕಪ್ಪಗಿದೆಯಲ್ಲಾ?"

ಅಮ್ಮ ಅಡುಗೆಮನೆಯ ದೊಡ್ಡ ಡಬ್ಬ ತೆರೆದು ತೋರಿಸಿದರು. ಒಳಗೆ ಬೆಲ್ಲದ ಹೆಂಟೆ. ಕಪ್ಪು!

"ನಿಮ್ಮ ತಾತಯ್ಯ ಹಳದಿ ಬೆಲ್ಲ ಮನೆಯೊಳಗೆ ಬಿಡ್ತಿರಲಿಲ್ಲ. ನೀನು ತಿಂದು ಬೆಳೆದದ್ದು ಇದೇ. ಅಡುಗೆಮನೆಗೆ ಕಾಲಿಟ್ಟಿದ್ರೆ ಗೊತ್ತಿರ್ತಿತ್ತು!"

ಗಗನಾ ಹೋಳಿಗೆ ಮುರಿದು ಬಾಯಿಗಿಟ್ಟಳು. ಚಿಕ್ಕಂದಿನ ಹಬ್ಬಗಳ ರುಚಿ! ಫೋನ್ ತೆರೆದರೆ, 'ನಮ್ಮ ಆರ್ಡರ್ ಬೇಡ' ಎಂದವರು ಹನ್ನೊಂದು ಮನೆಯವರು.

'ಅಯ್ಯೋ... ಎಲ್ಲಾ ನನ್ನಿಂದ!' ನಾಚಿಕೆಯಿಂದ ಕಿವಿ ಬಿಸಿಯಾದವು. ನಡೆದದ್ದನ್ನೆಲ್ಲ ಅಮ್ಮನಿಗೆ ಹೇಳಿದಳು. ತೇಜಸ್ ಒಬ್ಬನಿಗೇ 'ಸಾರಿ' ಎಂದು ಕಳಿಸಿ, ಗ್ರೂಪಿನ ಮೆಸೇಜುಗಳನ್ನು ಅಳಿಸಲು ಹೊರಟಳು. ಅಮ್ಮ ಕೈ ಹಿಡಿದರು.

"ಬೈದದ್ದು ಬೀದೀಲಿ, ಕ್ಷಮೆ ಕೇಳೋದು ಹಿತ್ತಲಲ್ಲಾ?"

"ಇನ್ನೂರು ಜನ ಇದ್ದಾರಮ್ಮಾ... ನಗ್ತಾರೆ!"

"ಆ ತಾಯೀನ ನೋಡಿ ಇನ್ನೂರು ಜನ ನಗಲಿಲ್ವಾ?"

ಗಗನಾ ಅತ್ತುಬಿಟ್ಟಳು. ಮೂರು ಸಲ ದನಿ ರೆಕಾರ್ಡ್ ಮಾಡಿ ಅಳಿಸಿದಳು. ಪ್ರತಿ ಸಲವೂ 'ಆದರೆ ಫೋಟೋದಲ್ಲಿ ಹಾಗೆ ಕಾಣ್ತಿತ್ತು' ಎಂಬ ಮಾತು ನುಸುಳುತ್ತಿತ್ತು. ನಾಲ್ಕನೆಯ ಸಲ 'ಆದರೆ' ಬರಲಿಲ್ಲ, ಅದನ್ನೇ ಗ್ರೂಪಿಗೆ ಕಳಿಸಿದಳು.

"ಚಂದ್ರಮ್ಮನವರೇ, ನಾನು ರುಚಿ ನೋಡದೇ ಬೈದೆ. ಏನೂ ಗೊತ್ತಿಲ್ಲದೇ ಎಲ್ಲಾ ಗೊತ್ತಿರೋಳ ಹಾಗೆ ಮಾತಾಡಿದೆ. ಲಂಚ ಅಂದದ್ದೂ ಸುಳ್ಳು. ತಪ್ಪು ನನ್ನದೇ ಅಂಡಿ..." ಕೊನೆಯಲ್ಲಿ 'ರೀ' ಎನ್ನುವ ಬದಲು ಅಮ್ಮನ ತೆಲುಗಿನ 'ಅಂಡಿ' ತಾನಾಗಿ ಬಂದಿತ್ತು.

"ಖಾಲಿ ಡಬ್ಬಿ ವಾಪಸ್ ಕೊಡಬಾರದು" ಎಂದು ಅಮ್ಮ ಅದರ ತುಂಬ ಕಪ್ಪು ಬೆಲ್ಲ ತುಂಬಿ ಕಳಿಸಿದರು.

ಭಾನುವಾರ ಮಧ್ಯಾಹ್ನ ಅವಳು ವಿಶಾಖಪಟ್ಟಣಕ್ಕೆ ಮರಳಿ ತೇಜಸ್‌ನ ಮನೆಯ ಬೆಲ್ ಒತ್ತಿದಳು. ಬಾಗಿಲು ತೆರೆದ ಚಂದ್ರಮ್ಮನ ಕೈಯೆಲ್ಲ ಕಣಕ. ಗಗನಾ ಡಬ್ಬಿ ಚಾಚಿದಳು.

"ಬೇಜಾರಾಯ್ತು ಕಣವ್ವ, ಸುಳ್ ಯಾಕೆ ಹೇಳ್ಲಿ? ಒಲೆ ಮುಂದೆ ನಿಲ್ಲಕ್ಕೇ ಮನ್ಸಾಗ್ಲಿಲ್ಲ. ಆಮೇಲೆ ನಿನ್ ದನಿ ಕೇಳ್ದೆ. ಒಂಬತ್ ಮನೆಯೋರು ಮತ್ತೆ ಬೇಕು ಅಂದವ್ರೆ."

"ಇನ್ನೆರಡು?"

"ಅವ್ರು ಬರ್ಲಿಲ್ಲ... ಬುಡು. ಕೈ ತೊಳ್ಕೊಂಡ್ ಬಾ, ಉಂಡೆ ಕಟ್ಟು."

ಆ ಎರಡು ಮನೆ ಅವಳ ಎದೆಯಲ್ಲಿ ಮುಳ್ಳಾಗಿ ಉಳಿದವು. ಸಂಜೆಯವರೆಗೆ ಉಂಡೆ ಕಟ್ಟಿದಳು.

ಹೊರಟಾಗ ತೇಜಸ್ ಲಿಫ್ಟಿನವರೆಗೆ ಬಂದ.

"ಅವತ್ತು ನೀವ್ಯಾಕೆ ತಿರುಗಿ ಬೈಲಿಲ್ಲ?"

"ಡಬ್ಬಿ ಇಸ್ಕೊಂಡ್ರೂ ನೀವು ಮುಚ್ಚಳ ತೆಗೀಲಿಲ್ಲ. ಕೆಟ್ಟವಳಲ್ಲ, ಸೋಲೋಕೆ ಹೆದರ್ತಾಳೆ ಅನ್ನಿಸ್ತು. ನಿನ್ನೆ ನಿಮ್ ದನಿ ಎಷ್ಟು ಸಲ ಕೇಳ್ದೆ ಗೊತ್ತಾ?"

"ನಗೋಕಾ?"

"ಅಲ್ಲ... ಕೊನೇಲಿ 'ಅಂಡಿ' ಅಂದ್ರಲ್ಲ, ಅದಕ್ಕೆ."

ಅವಳ ಮುಖ ಕೆಂಪಾಯಿತು. ಅವನು ಡಬ್ಬಿ ಕೊಟ್ಟ. ಬಿಸಿಯಾಗಿತ್ತು, ಭಾರವಾಗಿತ್ತು.

"ಮತ್ತೆ ತುಂಬಿದ್ದೀರಾ?"

"ಖಾಲಿ ಡಬ್ಬಿ ಕೊಡಬಾರದಲ್ವಾ?"

"ನಮ್ಮಮ್ಮನೂ ಹಾಗೇ ಅಂತಾರೆ. ಹೀಗೆ ನೀವು ಕೊಟ್ಟು, ನಾನು ಕೊಟ್ಟು... ಇದು ಮುಗಿಯೋದು ಯಾವಾಗ?"

"ಮುಗೀಲೇಬೇಕಾ ಗಗನಾ?"

ಲಿಫ್ಟ್ ಬಂತು. ಅವಳು ಹತ್ತಲಿಲ್ಲ.

"ಬೇಡ ಅಂಡಿ," ಎಂದಳು. ಒಪ್ಪಿಕೊಳ್ಳಲು ಈ ಸಲ ಒಂದು ಕ್ಷಣವೂ ಬೇಕಾಗಲಿಲ್ಲ.