ಆ ಕೊನೆಯ ಸಾಲು ಇರಲಾ?

ತೆಗೆದುಬಿಡಬೇಕಿತ್ತೇನೋ. ಅವನ ಕೈಗೆ ಕೊಡುವ ಮೊದಲೇ ಆ ಕೊನೆಯ ಸಾಲನ್ನು ತೆಗೆದುಬಿಡಬೇಕಿತ್ತೇನೋ...

ಈಗ ಯೋಚಿಸಿ ಪ್ರಯೋಜನವಿರಲಿಲ್ಲ. ಅವಳ ರೆಸ್ಯೂಮೆ ಅವನ ಕೈಯಲ್ಲಿತ್ತು. ಗ್ರಂಥಾಲಯದ ಉದ್ದನೆಯ ಮೇಜಿನ ಸುತ್ತ ಕಾಲಿಡಲು ಜಾಗವಿರಲಿಲ್ಲ. ಅವನ ಎಡಗಡೆ ಉಳಿದಿದ್ದ ಒಂದೇ ಒಂದು ಕುರ್ಚಿಯಲ್ಲಿ ಅವಳು ತುದಿಗೆ ಕೂತಿದ್ದಳು.

ಅದು ಶ್ರವಣ ವಿಜ್ಞಾನ ವಿಭಾಗದ ವಾಡಿಕೆ. ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುವವರ ರೆಸ್ಯೂಮೆಯನ್ನು ಕೊನೆಯ ವರ್ಷದವರೊಬ್ಬರು ಓದಿ ತಿದ್ದಬೇಕು. ಬರೆದು ಕಳಿಸುವಂತಿಲ್ಲ, ಎದುರಿಗೆ ಕೂತು ಬಾಯಲ್ಲೇ ಹೇಳಬೇಕು. ನಾಳೆ ರೋಗಿಯ ಮುಂದೆ ಕೂತು ಮಾತಾಡಬೇಕಾದವರು ಇವತ್ತೇ ಕಲಿಯಲಿ ಎಂಬುದು ವಿಭಾಗದ ಮುಖ್ಯಸ್ಥೆ ದೊಡ್ಡ ಮೇಡಂ ಅವರ ಪಟ್ಟು.

ಎಲ್ಲರಿಗೂ ಯಾರ್ಯಾರೋ ಸಿಕ್ಕಿದ್ದರು. ಅವಳ ಪಾಲಿಗೆ ಬಂದವನು ‘ಮಹಾರಾಜ’.

ಹೆಸರಿಟ್ಟವಳು ಅವಳ ಗೆಳತಿ ಹರಟೆಮಲ್ಲಿ. "ಹಿಂದಿನಿಂದ ಎಷ್ಟು ಕೂಗಿದ್ರೂ ತಿರುಗಿ ನೋಡಲ್ಲ ಕಣೇ ಅವನು. ತಿರುಗಿದ್ರೆ ಕಿರೀಟ ಜಾರುತ್ತೆ ಅಂತ ಭಯ ಇರ್ಬೇಕು."

ಕಿರೀಟವೇನೂ ಕಾಣಲಿಲ್ಲ. ಕಂಡದ್ದು ಮಾಸಿದ ಅಂಗಿ, ಮೊಂಡಾದ ಪೆನ್ಸಿಲ್, ಮತ್ತು ಯಾವ ಭಾವನೆಯನ್ನೂ ಬಿಟ್ಟುಕೊಡದ ಮುಖ. ಕಿವಿ ಪರೀಕ್ಷೆ ಮಾಡುವವರು ಮುಖದಲ್ಲಿ ಏನನ್ನೂ ತೋರಿಸಬಾರದು. ಹುಬ್ಬು ಏರಿದರೂ ಸಾಕು, ಸದ್ದು ಬಂತೆಂದು ರೋಗಿಗೆ ಗೊತ್ತಾಗಿಬಿಡುತ್ತದೆ. ಆ ವಿದ್ಯೆಯಲ್ಲಿ ಅವನು ವಿಭಾಗಕ್ಕೇ ಮೊದಲಿಗ. ಆದರೆ ರೆಸ್ಯೂಮೆ ಓದುವಾಗಲೂ ಹೀಗಿರಬೇಕೇ?

ಇನ್ನೂ ಒಂದು ವಿಚಿತ್ರವಿತ್ತು. ಅವಳು ಬಾಯಿ ತೆರೆದಾಗಲೆಲ್ಲ ಅವನು ಕುರ್ಚಿಯಲ್ಲೇ ಪೂರ್ತಿ ತಿರುಗಿ ಅವಳ ತುಟಿಗಳನ್ನೇ ನೋಡುತ್ತಿದ್ದ. ಹಾಗೆ ಅವಳನ್ನು ಯಾರೂ ನೋಡಿರಲಿಲ್ಲ. ಕೆನ್ನೆ ಬಿಸಿಯಾಯಿತು. ಬೈಯಬೇಕೆನಿಸಲಿಲ್ಲ... ಅದಕ್ಕಾಗಿ ತನ್ನ ಮೇಲೇ ಸಿಟ್ಟು ಬಂತು.

ತಿದ್ದುವುದರಲ್ಲಿ ಮಾತ್ರ ಅವನು ಎತ್ತಿದ ಕೈ. ಶ್ರಮಜೀವಿ, ಉತ್ಸಾಹಿ, ಹೊಂದಿಕೊಂಡು ಹೋಗುವ ಸ್ವಭಾವ ಎಂದೆಲ್ಲ ಅವಳು ಪೋಣಿಸಿದ್ದ ಮಾತುಗಳ ಮೇಲೆ ಪೆನ್ಸಿಲ್ ಅಡ್ಡ ಎಳೆಯಿತು.

"ಇದನ್ನ ಎಲ್ಲರೂ ಬರೀತಾರೆ. ನೀವು ಏನು ಮಾಡಿದ್ರಿ ಅಂತ ಬರೀರಿ. ಶಾಲೆಯಲ್ಲಿ ಮಕ್ಕಳ ಕಿವಿ ನೋಡೋ ಶಿಬಿರಕ್ಕೆ ಹೋಗಿದ್ರಲ್ಲ, ಅದು ಯಾಕೆ ಮೂಲೆಯಲ್ಲಿ ಅಡಗಿ ಕೂತಿದೆ? ಅದನ್ನ ಮೇಲಕ್ಕೆ ತನ್ನಿ."

ಅವಳು ಅರ್ಜಿ ಹಾಕುತ್ತಿದ್ದದ್ದು ಮಕ್ಕಳ ಶ್ರವಣ ಚಿಕಿತ್ಸಾಲಯಕ್ಕೆ. ಅಲ್ಲಿದ್ದದ್ದು ಒಂದೇ ಜಾಗ. ಹಿಂದಿನ ವರ್ಷ ಆ ಜಾಗದಲ್ಲಿ ಇದ್ದವನು ಅವನೇ. ಆದ್ದರಿಂದ ಅವನ ಒಂದೊಂದು ಮಾತನ್ನೂ ಅವಳು ಚಾಚೂ ತಪ್ಪದೆ ಗುರುತು ಹಾಕಿಕೊಂಡಳು.

ಪೆನ್ಸಿಲ್ ಕೊನೆಯ ಸಾಲಿಗೆ ಬಂದು ನಿಂತಿತು.

‘ಕಿವಿ ಕೇಳಿಸದ ನನ್ನ ತಂದೆಗೆ ಚಿಕ್ಕಂದಿನಿಂದಲೂ ಲೋಕದ ಮಾತನ್ನು ತಲುಪಿಸುತ್ತಾ ಬಂದಿದ್ದೇನೆ.’

ಮರ ಕೊಯ್ಯುವ ಮಿಲ್ಲಿನ ಗರಗಸಗಳು ಅಪ್ಪನ ಎರಡೂ ಕಿವಿಗಳನ್ನು ಸ್ವಲ್ಪಸ್ವಲ್ಪವಾಗಿ ತಿಂದುಹಾಕಿದ್ದವು. ಅಂಗಡಿ, ಬ್ಯಾಂಕು, ಆಸ್ಪತ್ರೆ ಎಲ್ಲ ಕಡೆಯೂ ಅಪ್ಪನ ಎದುರು ನಿಂತು, ಮುಖ ಎತ್ತಿ, ಬಿಡಿಸಿ ಬಿಡಿಸಿ ಹೇಳುತ್ತ ಅವಳು ಬೆಳೆದಿದ್ದಳು. ಆದರೆ ಅದನ್ನು ಕಾಗದದ ಮೇಲೆ ಬರೆದಾಗ ಕನಿಕರ ಬೇಡಿದಂತೆ ಕಾಣುತ್ತದೆಯೇ? ಸೀಟಿಗಾಗಿ ಅಪ್ಪನನ್ನು ಮುಂದೆ ನಿಲ್ಲಿಸಿದಂತಾಗುತ್ತದೆಯೇ?

ಅವನು ಹಾಳೆಯನ್ನೇ ನೋಡುತ್ತಿದ್ದ.

ಅವಳಿಗೆ ತಡೆಯಲಾಗಲಿಲ್ಲ. ತಲೆ ತಗ್ಗಿಸಿ, ಮೇಜಿಗೆ ಹೇಳುವಂತೆ ಕೇಳಿದಳು.

"ಆ ಕೊನೆಯ ಸಾಲು... ಇರಲಾ?"

ಉತ್ತರವಿಲ್ಲ.

ಸ್ವಲ್ಪ ಹೊತ್ತಿಗೆ ಅವನು ಹಾಳೆಯನ್ನು ಜೋಪಾನವಾಗಿ ಮಡಚಿ ಅವಳ ಮುಂದಿಟ್ಟ. "ತಿದ್ದಿ ಕಳಿಸಿ," ಎಂದಷ್ಟೇ ಹೇಳಿ ಎದ್ದುಹೋದ.

ಬಾಯಿಬಿಟ್ಟು ಬೇಡ ಎಂದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಉತ್ತರ ಕೊಡುವಷ್ಟೂ ಯೋಗ್ಯತೆ ಇಲ್ಲವೇ ನನ್ನ ಪ್ರಶ್ನೆಗೆ? ಅಥವಾ ಹೇಳಲು ಅವನಿಗೇ ನಾಚಿಕೆಯಾಯಿತೇ?

ಸಂಜೆ ಕಂಪ್ಯೂಟರಿನ ಮುಂದೆ ಕೂತು ಆ ಸಾಲನ್ನು ಅಳಿಸಿದಳು. ಉಳಿದದ್ದನ್ನು ಅವನು ಹೇಳಿದಂತೆಯೇ ತಿದ್ದಿ ಕಳಿಸಿಬಿಟ್ಟಳು.

ಮನೆಯಲ್ಲಿ ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದ. ಆ ಸಾಲು ಬರೆದ ದಿನ ಅವಳೇ ಅವನಿಗೆ ತೋರಿಸಿದ್ದಳು. ಅಂದಿನಿಂದ ಅಪ್ಪ ಕ್ಷೌರದಂಗಡಿಯಲ್ಲಿ, ಮಿಲ್ಲಿನಲ್ಲಿ, ಎದುರು ಮನೆಯಲ್ಲಿ ಹೇಳಿದ್ದೇ ಹೇಳಿದ್ದು. ಮಗಳ ಪರೀಕ್ಷೆಗೆ ನನ್ನ ಕಿವಿಗಳೂ ಕೂತಿವೆ ಎಂದು.

"ಕಳಿಸಿದ್ಯಾ ಪುಟ್ಟಿ?"

ಅವಳು ತಲೆಯಾಡಿಸಿದಳು.

"ನಾನೂ ಹೋದ್ನಾ ಅದರ ಜೊತೆ?"

ಮತ್ತೆ ತಲೆಯಾಡಿಸಿದಳು. ಒಳಗೆ ಅಮ್ಮ, ಕಿವಿಯ ಮೆಷಿನ್ ಜೇಬಲ್ಲಿಟ್ಟುಕೊಂಡು ಊರಿಗೆಲ್ಲ ಕೇಳುವ ಹಾಗೆ ಕಿರುಚಬೇಡಿ ಎಂದು ಗದರುತ್ತಿದ್ದಳು. ನೀನು ಬೈಯೋದು ಕೇಳಿಸದಿರಲಿ ಅಂತಲೇ ಜೇಬಲ್ಲಿಟ್ಟಿರೋದು ಎಂದು ಅಪ್ಪ ನಗುತ್ತಿದ್ದ. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಮೇಲೆ ಅವನು ಕಂಡಲ್ಲೆಲ್ಲ ದಾರಿ ಬದಲಿಸಿದಳು. ಒಮ್ಮೆ ಮೆಟ್ಟಿಲ ಮೇಲೆ ಎದುರುಬದುರಾದಾಗ ಅವನೇ ನಿಂತು, ಕಳಿಸಿದ್ರಾ ಎಂದು ಕೇಳಿದ. ಕಳಿಸಿದೆ, ಎಲ್ಲ ನಿಮ್ಮ ದಯೆ ಎಂದು ಹೇಳಿ ಸರಸರನೆ ಇಳಿದುಹೋದಳು. ಅವನು ಅಲ್ಲೇ ನಿಂತಿದ್ದನೆಂದು ಹರಟೆಮಲ್ಲಿ ಆಮೇಲೆ ವರದಿ ಮಾಡಿದಳು. "ಮಹಾರಾಜರ ಮುಖದಲ್ಲಿ ಮೊದಲನೇ ಸಲ ಏನೋ ಕಾಣಿಸ್ತು ಕಣೇ. ಪಾಪ, ಸೋತ ರಾಜನ ಹಾಗಿದ್ದ."

ಸಂದರ್ಶನಕ್ಕೆ ಕರೆ ಬಂತು. ಅದರ ಹಿಂದಿನ ದಿನ ವಿಭಾಗಕ್ಕೆ ಕಿವಿ ಪರೀಕ್ಷೆಯ ಹೊಸ ಯಂತ್ರವೂ ಬಂತು. ಯಾರಾದರೊಬ್ಬರನ್ನು ಕೂರಿಸಿ ಪರೀಕ್ಷೆ ಮಾಡಿ ನೋಡು, ನಾಳೆಗೆ ಅಭ್ಯಾಸವೂ ಆಗುತ್ತದೆ ಎಂದು ದೊಡ್ಡ ಮೇಡಂ ಅವಳಿಗೇ ಹೇಳಿದರು. ಪ್ರಯೋಗಾಲಯದಲ್ಲಿ ಇದ್ದವನು ಅವನೊಬ್ಬನೇ. ಮೂಲೆಯಲ್ಲಿ ಕೂತು ಹಳೆಯ ಹೆಡ್‌ಫೋನಿನ ವೈರು ಜೋಡಿಸುತ್ತಿದ್ದ.

ಕೇಳುವುದೇ ಬೇಡವೆಂದುಕೊಂಡಳು. ಆದರೂ ಕೇಳಿದಳು.

ಅವನು ಕೈಯಲ್ಲಿದ್ದ ವೈರನ್ನು ಕೆಳಗಿಟ್ಟು ಅವಳ ಮುಖ ನೋಡಿದ. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಸದ್ದು ನುಗ್ಗದ ಆ ಪುಟ್ಟ ಕೋಣೆಯೊಳಗೆ ಹೋಗಿ, ಗಾಜಿನ ಆಚೆ ಕೂತು, ಹೆಡ್‌ಫೋನ್ ಹಾಕಿಕೊಂಡ. ಸದ್ದು ಕೇಳಿದಾಗ ಒತ್ತಬೇಕಾದ ಗುಂಡಿಯನ್ನು ಕೈಗೆತ್ತಿಕೊಂಡ.

ಬಲಗಿವಿಯಿಂದ ಶುರು ಮಾಡಿದಳು. ಎಷ್ಟು ಸಣ್ಣ ಸದ್ದು ಕೊಟ್ಟರೂ ಗುಂಡಿ ಒತ್ತುತ್ತಿದ್ದ. ಎಲೆ ಅಲುಗಿದರೂ ಕೇಳಿಸುವಂಥ ಕಿವಿ.

ಸದ್ದನ್ನು ಎಡಗಿವಿಗೆ ತಿರುಗಿಸಿದಳು.

ಇಲ್ಲ.

ಸದ್ದು ಏರಿಸಿದಳು. ಇಲ್ಲ. ಇನ್ನೂ ಏರಿಸಿದಳು. ಇಲ್ಲ. ವೈರು ಸಡಿಲವಾಗಿದೆಯೇನೋ ಎಂದು ಕಿತ್ತು ಮತ್ತೆ ಚುಚ್ಚಿದಳು. ತೀರಾ ಜೋರು ಮಾಡಿದಾಗ ಅವನು ಗುಂಡಿ ಒತ್ತಿದ. ಅಷ್ಟು ಜೋರಾದ ಸದ್ದು ತಲೆಯನ್ನು ಹಾದು ಆಚೆ ಕಿವಿಗೂ ಮುಟ್ಟುತ್ತದೆಂದು ಅವಳಿಗೆ ಗೊತ್ತಿತ್ತು. ಅದು ಕದ್ದು ಕೇಳದಂತೆ ಬಲಗಿವಿಗೆ ಬುಸ್ಸೆನ್ನುವ ಸದ್ದು ತುಂಬಿಸಿ, ಎಡಕ್ಕೆ ಮತ್ತೆ ಕೊಟ್ಟಳು.

ಇಲ್ಲ... ಏನೂ ಇಲ್ಲ.

ಅವಳ ಕೈ ಯಂತ್ರದ ಮೇಲೇ ನಿಂತುಹೋಯಿತು. ಗಾಜಿನ ಆಚೆಯಿಂದ ಅವನ ದನಿ ಸ್ಪೀಕರಿನಲ್ಲಿ ಬಂತು.

"ವೈರ್ ಸರಿಯಾಗಿದೆ. ಸರಿ ಇಲ್ಲದ್ದು ನಾನು."

ಚಿಕ್ಕವನಿದ್ದಾಗ ಮಂಗನಬಾವು ಬಂದು ಹೋಯಿತಂತೆ, ಹೋಗುವಾಗ ಒಂದು ಕಿವಿಯನ್ನೂ ಕರೆದುಕೊಂಡು ಹೋಯಿತಂತೆ. ಇಲ್ಲಿ ದೊಡ್ಡ ಮೇಡಂ ಒಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಕಿವಿ ನೋಡುವವನಿಗೇ ಒಂದು ಕಿವಿ ಇಲ್ಲವೆಂದರೆ ಯಾರು ನಂಬುತ್ತಾರೆ ಎಂದು ಎಲ್ಲೂ ಬಾಯಿಬಿಟ್ಟಿರಲಿಲ್ಲ. ಇದನ್ನೆಲ್ಲ ಅವನು ಪಾಠ ಒಪ್ಪಿಸುವವನಂತೆ ಹೇಳಿದ.

ಕೂಗಿದರೂ ತಿರುಗದ ಮಹಾರಾಜ. ವಿಭಾಗದ ಸಭೆಗಳಲ್ಲಿ ಯಾವಾಗಲೂ ಎಡಗೋಡೆಗೆ ಒತ್ತಿ ಕೂರುವ ಮಹಾರಾಜ. ತುಟಿಗಳನ್ನೇ ನೋಡುತ್ತಿದ್ದ ಆ ಕಣ್ಣುಗಳು...

ಅಯ್ಯೋ, ನಾನು ಅವತ್ತು ಕೂತಿದ್ದು ಯಾವ ಕಡೆ?

ಹುಟ್ಟಿದಾಗಿನಿಂದ ಅಪ್ಪನೆದುರು ಮುಖ ಎತ್ತದೆ ಒಂದು ಮಾತನ್ನೂ ಆಡದವಳು, ಅಪ್ಪನ ಬಗ್ಗೆ ಕೇಳಬೇಕಾಗಿ ಬಂದ ಆ ಒಂದು ಸಲ, ಅವನ ಎಡಗಡೆ ಕೂತು, ತಲೆ ತಗ್ಗಿಸಿದ್ದಳು.

ಅವಳು ಮೈಕಿನ ಗುಂಡಿ ಒತ್ತಿದಳು. ಮುಖದಲ್ಲಿ ಏನೂ ತೋರಿಸಬಾರದೆಂಬ ವಿಭಾಗದ ನಿಯಮ ಕಣ್ಣೀರಲ್ಲಿ ಕೊಚ್ಚಿಹೋಗಿತ್ತು.

"ಅವತ್ತು ನಾನೊಂದು ಪ್ರಶ್ನೆ ಕೇಳಿದ್ದೆ."

"ಯಾವತ್ತು?"

"ರೆಸ್ಯೂಮೆ ಓದಿದ ದಿನ. ಆ ಕೊನೆಯ ಸಾಲು ಇರಲಾ ಅಂತ. ನೀವು ಮಾತೇ ಆಡ್ಲಿಲ್ಲ. ನಾನು ಅಳಿಸಿಬಿಟ್ಟೆ."

ಅವನು ಎದ್ದು ನಿಂತೇಬಿಟ್ಟ. ಹೆಡ್‌ಫೋನಿನ ವೈರು ಜಗ್ಗಿ ಮತ್ತೆ ಕೂರಬೇಕಾಯಿತು.

"ಅಳಿಸಿಬಿಟ್ರಾ? ಆ ಸಾಲು ಓದಿದ್ಮೇಲೆ ನನಗೆ ಬೇರೇನೂ ಹೇಳೋಕೆ ಆಗ್ಲಿಲ್ಲ ರೀ. ಅಲ್ಲೇ ಕೂತಿದ್ರೆ ನಿಮ್ಮೆದುರು ಅಳ್ತಿದ್ದೆ, ಅದಕ್ಕೇ ಎದ್ದು ಹೋದೆ. ನನ್ನ ಒಂದು ಕಿವಿ ಮುಚ್ಚಿಡೋಕೆ ನಾನು ಇಷ್ಟು ಒದ್ದಾಡ್ತೀನಿ. ನೀವು ಅಪ್ಪನ್ನ ಹಾಗೆ ತಲೆ ಎತ್ತಿ ಬರೆದಿದ್ರಿ..."

ಅವಳು ಕಣ್ಣೊರೆಸಿಕೊಂಡು ಮತ್ತೆ ಮೈಕಿನ ಗುಂಡಿ ಒತ್ತಿದಳು.

"ಇವತ್ತು ಬೇಡ ಅನ್ನಬಹುದಿತ್ತಲ್ಲ? ಯಾಕೆ ಬಂದು ಕೂತ್ರಿ?"

"ನೀವಾದ್ರೆ ಗೊತ್ತಾಗ್ಲಿ ಅನ್ನಿಸ್ತು."

ಆ ಸಂಜೆ ಅವಳು ಅಪ್ಪನ ಎದುರು ಕೂತು, ಮುಖ ಎತ್ತಿ, ಬಿಡಿಸಿ ಬಿಡಿಸಿ ನಿಜ ಹೇಳಿದಳು. ಅಪ್ಪ ಜೇಬಿನಿಂದ ಮೆಷಿನ್ ತೆಗೆದು ಕಿವಿಗೆ ಹಾಕಿಕೊಂಡು, ಇನ್ನೊಂದು ಸಲ ಹೇಳು ಎಂದ. ಹೇಳಿದಳು. ಅಪ್ಪನ ಮುಖ ಒಂದು ಗಳಿಗೆ ಬಾಡಿತು. ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟ.

"ಕಾಗದದಲ್ಲಿ ಇಲ್ದಿದ್ರೆ ಏನಾಯ್ತು? ಇಷ್ಟು ದಿನ ನನಗೆ ಎಲ್ಲಾನೂ ಬಾಯಲ್ಲೇ ತಾನೇ ಹೇಳಿದ್ದು ನೀನು? ಅವರಿಗೂ ಬಾಯಲ್ಲೇ ಹೇಳು."

ಮರುದಿನ ಚಿಕಿತ್ಸಾಲಯದಲ್ಲಿ ನರೆತ ಕೂದಲಿನ ಹಿರಿಯ ವೈದ್ಯೆ ಅವಳ ರೆಸ್ಯೂಮೆಯನ್ನು ಪಕ್ಕಕ್ಕೆ ಸರಿಸಿ ಒಂದೇ ಪ್ರಶ್ನೆ ಕೇಳಿದರು. ನೀವು ಮಾತಾಡಿಸಿದಾಗ ಮಗು ಉತ್ತರ ಕೊಡದಿದ್ದರೆ ಏನು ತಿಳಿಯುತ್ತೀರಿ?

"ಏನೂ ತಿಳ್ಕೊಳ್ಳಲ್ಲ ಡಾಕ್ಟ್ರೇ. ಮೊದಲು ನಾನು ಯಾವ ಕಡೆ ಕೂತಿದ್ದೀನಿ, ನನ್ನ ಮುಖ ಅದಕ್ಕೆ ಕಾಣ್ತಿದ್ಯಾ ಅಂತ ನೋಡ್ಕೊಳ್ತೀನಿ."

ಯಾರು ಕಲಿಸಿದರು ಎಂದು ಅವರು ಕೇಳಿದರು. ಅವಳು ಅಪ್ಪನ ಬಗ್ಗೆ ಹೇಳಿದಳು. ಗರಗಸಗಳ ಬಗ್ಗೆ, ಜೇಬಿನಲ್ಲಿರುವ ಮೆಷಿನ್ನಿನ ಬಗ್ಗೆ, ಎಲ್ಲ. ಇದನ್ನು ಯಾಕೆ ಬರೆದಿಲ್ಲ ಎಂದಾಗ, ತಪ್ಪು ತಿಳಿದುಕೊಂಡು ಅಳಿಸಿದೆ ಎಂದು ಒಪ್ಪಿಕೊಂಡಳು. ವೈದ್ಯೆ ಪೆನ್ನು ತೆಗೆದು ಆ ಹಾಳೆಯ ಕೆಳಗೆ ತಾವೇ ಏನೋ ಬರೆದುಕೊಂಡರು.

ಜಾಗ ಅವಳಿಗೆ ಸಿಕ್ಕಿತು. ಎದುರು ಮನೆಯವರಿಗೂ ಕೇಳುವಂತೆ ಅಪ್ಪ ಕಿರುಚಿದ. ಅಂದು ಅಮ್ಮ ಗದರಲಿಲ್ಲ.

ಸುದ್ದಿ ಹೇಳಲು ಅವಳು ಗ್ರಂಥಾಲಯಕ್ಕೆ ಓಡಿದಳು. ಅದೇ ಉದ್ದನೆಯ ಮೇಜಿನಲ್ಲಿ ಅವನು ಒಬ್ಬನೇ ಕೂತಿದ್ದ. ಕೇಳಿ ನಕ್ಕ. ಆ ಮುಖದಲ್ಲಿ ಅಷ್ಟೊಂದು ನಗು ಎಲ್ಲಿ ಅಡಗಿತ್ತೋ.

ಆಮೇಲೆ ಒಂದು ಹಾಳೆಯನ್ನು ಅವಳ ಕಡೆ ಸರಿಸಿದ. ಅದು ಕೆಲಸಕ್ಕೆಂದು ಬರೆದ ಅವನದೇ ರೆಸ್ಯೂಮೆ. ಈ ಸಲ ತಿದ್ದುವ ಸರದಿ ಅವಳದು. ಅವಳು ಗತ್ತಿನಿಂದ ಪೆನ್ಸಿಲ್ ಹಿಡಿದು ಮೇಲಿನಿಂದ ಓದುತ್ತ ಬಂದಳು. ‘ಮಿತಭಾಷಿ’ ಎಂದಿದ್ದ ಕಡೆ ಅಡ್ಡ ಎಳೆದು, ಇದು ನೋಡಿದರೇ ಗೊತ್ತಾಗುತ್ತದೆ, ಬರೆಯಬೇಕಾಗಿಲ್ಲ ಎಂದಳು. ಕೊನೆಗೆ ಪೆನ್ಸಿಲ್ ನಿಂತಿತು.

‘ನನ್ನ ಎಡಗಿವಿ ಕೇಳಿಸುವುದಿಲ್ಲ. ಕೇಳಿಸದವರ ಜೊತೆ ಹೇಗೆ ಕೂರಬೇಕೆಂದು ಬಲ್ಲೆ.’

ಈಗ ತಲೆ ತಗ್ಗಿಸಿದವನು ಅವನು. ಮೇಜಿಗೆ ಹೇಳುವಂತೆ ಕೇಳಿದ.

"ಆ ಕೊನೆಯ ಸಾಲು... ಇರಲಾ?"

ಅವಳು ಎದ್ದಳು. ಮೇಜನ್ನು ಸುತ್ತಿ ಹೋಗಿ, ಅವನ ಬಲಗಡೆಯ ಕುರ್ಚಿ ಎಳೆದು ಕೂತಳು.

"ಇರಲಿ," ಎಂದಳು. "ನಾನೂ ಇರ್ತೀನಿ."

"ಎಲ್ಲಿ?"

"ಇಲ್ಲೇ. ನಿನ್ನ ಬಲಗಡೆ."

‘ನೀವು’ ಹೋಗಿ ‘ನೀನು’ ಬಂದದ್ದು ಇಬ್ಬರಿಗೂ ಕೇಳಿಸಿತು.

"ಪಿಸುಮಾತಲ್ಲಿ ಹೇಳಿದ್ರೂ ಕೇಳಿಸುತ್ತಾ ಈ ಕಡೆ?"

"ಹೇಳಿ ನೋಡು."

ಅವಳು ಬಗ್ಗಿ ಹೇಳಿದಳು. ಕೇಳಿಸಿತೆಂಬುದಕ್ಕೆ ಅವನು ಅವಳ ಅಂಗೈಯನ್ನು ಗುಂಡಿ ಒತ್ತುವಂತೆ ಬೆರಳಿನಿಂದ ಒಮ್ಮೆ ಒತ್ತಿದ.

ಮುಂದೆ ಅವಳ ಮನೆಗೆ ಬಂದಾಗ ಅಪ್ಪ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, ನಮ್ಮಿಬ್ಬರಿಗೂ ಸೇರಿ ಇರೋದು ಒಂದೇ ಕಿವಿ ಕಣಪ್ಪ, ಜೋಪಾನ ಎಂದು ನಗಿಸಿದ. ಹರಟೆಮಲ್ಲಿ ಅವನ ಎದುರಿಗೆ ಬಂದು ನಿಂತೇ ಮಾತಾಡಿಸುವುದನ್ನು ಕಲಿತಳು, ಮಹಾರಾಜ ಎನ್ನುವುದನ್ನು ಮಾತ್ರ ಬಿಡಲಿಲ್ಲ. ಗ್ರಂಥಾಲಯವಿರಲಿ, ಬಸ್ಸಿರಲಿ, ಎಲ್ಲಿ ಕೂತರೂ ಅವನು ತನ್ನ ಬಲಗಡೆಯ ಜಾಗಕ್ಕೆ ಚೀಲವಿಟ್ಟು, ಅವಳು ಬರುವವರೆಗೆ ಯಾರಿಗೂ ಬಿಡುತ್ತಿರಲಿಲ್ಲ.

ನಿನ್ನನ್ನು ಪ್ರೀತಿಸುತ್ತೇನೆ ಎಂಬ ಮಾತನ್ನು ಅವನು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.