ಎಡಗೈಯವಳ ಮೇಜು

"ಯಾರೂ ಅವನನ್ನ ಕೇಳಿರ್ಲಿಲ್ಲ ಕಣೇ, ಅವನೇ ಕೈ ಎತ್ತಿದ್ದು," ಎಂದರು ರುಹಾನಿ ಅಕ್ಕ, ಬಿಸಿ ಮೀನಿನ ಕರಿದ ತಿಂಡಿ ಕೆರೊಪೋಕನ್ನು ಖಾರದ ಸಾಸಿಗೆ ಅದ್ದುತ್ತ. "ನಿನ್ನ ಓದಿನ ರಜೆಗೆ ಬದಲಿ ಯಾರು ಅಂತ ವಿಭಾಗದ ಮೇಡಂ ಕೇಳಿದಾಗ ಎಲ್ಲರೂ ನೆಲ ನೋಡ್ತಾ ಕೂತಿದ್ರು. ವರ್ಕ್‌ಶಾಪಿನ ಹಿಲ್ಮಿ ಮಾತ್ರ ಎದ್ದು ನಿಂತ. ಯಾಕೆ ಅಂತ ಯೋಚನೆ ಮಾಡಿದೀಯಾ?"

ಜವಿಯಾಳ ಕೈಯಲ್ಲಿದ್ದ ತುಂಡು ಬಾಯಿಗೆ ಹೋಗಲಿಲ್ಲ.

ಮಲೇಷ್ಯಾದ ತೆರೆಂಗಾನುವಿನ ಕಡಲ ದಂಡೆಯ ಆ ವಿಶ್ವವಿದ್ಯಾಲಯದಲ್ಲಿ ಅವಳು ರಸಾಯನಶಾಸ್ತ್ರ ಪ್ರಯೋಗಾಲಯದ ಸಹಾಯಕಿ. ಗಾಜು ತೊಳೆದೂ ತೊಳೆದೂ ಒರಟಾದ ಕೈ. ಈಗ, ಕೊನೆಗೂ, ಪದವಿ ಓದಲು ಸಂಬಳದ ರಜೆ ಮಂಜೂರಾಗುವುದರಲ್ಲಿತ್ತು. ಅವಳು ಒಪ್ಪಿದ ಬದಲಿ ಒಬ್ಬರಿರಬೇಕು, ಅಷ್ಟೆ. ಓದಿ ಬಂದವರಿಗೆ ನೌಕರಿ ಇರುತ್ತದೆ, ಅದು ಖಾತ್ರಿ. ಯಾವ ಜಾಗದಲ್ಲಿ ಎಂಬುದನ್ನು ಮಾತ್ರ ಯಾರೂ ಬರೆದುಕೊಡುವುದಿಲ್ಲ.

ರುಹಾನಿ ಅಕ್ಕನೂ ಹಿಂದೆ ಹೀಗೇ ಓದಲು ಹೋಗಿದ್ದರು. ಬದಲಿಗೆ ಕೂತವನು ಏಳಲೇ ಇಲ್ಲ. ಡಿಪ್ಲೊಮಾ ಹಿಡಿದು ಬಂದ ಅಕ್ಕ ಈಗ ಹಾಸ್ಟೆಲಿನಲ್ಲಿ ಬೀಗದ ಕೈ ಹಂಚುತ್ತಾರೆ.

"ಮೊದಲನೇ ವಾರಾನೇ ನನ್ನ ಮೇಜು ಕಿಟಕಿ ಕಡೆ ತಿರುಗಿಸಿಕೊಂಡಿದ್ದ," ಎಂದರು ಅಕ್ಕ. "ಮೇಜಿನ ಮೇಲೆ ಕಣ್ಣಿಡು ಜವಿಯಾ. ಗಂಡಸಿನ ಮುಖದ ಮೇಲಲ್ಲ."

ಅಷ್ಟರಲ್ಲಿ ಲ್ಯಾಬಿನ ಪಕ್ಕದ ಆ ಚಹಾ ಕೋಣೆಯ ಬಾಗಿಲ ಬಳಿ ಯಾರೋ ಕೆಮ್ಮಿದರು.

ಹಿಲ್ಮಿ! ಎಲ್ಲ ಕೇಳಿಸಿಕೊಂಡನೇ?

"ಮಿಸ್ ಜವಿಯಾ, ಕೆಲಸ ಕಲಿಯೋಕೆ ಬಂದೆ," ಎಂದ. ಅವನ ಕಣ್ಣು ಅವಳ ಮೇಲೆ ಒಂದು ಗಳಿಗೆ ಹೆಚ್ಚೇ ನಿಂತಿತು. ಅವಳ ಎದೆ ಡವಗುಟ್ಟಿತು... ಡವಗುಟ್ಟಿದ ಎದೆಯ ಮೇಲೆ ಅವಳಿಗೇ ಸಿಟ್ಟು ಬಂತು.

"ಲ್ಯಾಬಿಗೆ ಬನ್ನಿ. ಏನನ್ನೂ ಮುಟ್ಟಬೇಡಿ, ನೋಡಿ ಅಷ್ಟೆ."

ಅವನು ನೋಡಿದ. ನೋಡಿದ್ದಕ್ಕಿಂತ ಹೆಚ್ಚು ಕೇಳಿದ. ಈ ಬಾಟಲಿ ಇಲ್ಲೇ ಯಾಕೆ? ನೀರಿನ ಕ್ಯಾನ್ ಆ ಮೂಲೆಯಲ್ಲೇ ಯಾಕೆ? ಅವಳು ಎಡಗೈಯವಳು. ಮೇಜಿನ ಮೇಲಿನ ಪ್ರತಿ ವಸ್ತುವೂ ಆ ಕೈಗೆ ಸಿಗುವ ಹಾಗೆ ಕೂತಿತ್ತು. ಹೇಳಿದಳು. ಅವನು ತಲೆಯಾಡಿಸಿದ.

"ಓದು ಮುಗಿಸಿ ಯಾವಾಗ ವಾಪಸ್ ಬರ್ತೀರಾ? ಸರಿಯಾಗಿ ತಾರೀಖು ಹೇಳಿ."

*ಇನ್ನೂ ಹೋಗೇ ಇಲ್ಲ, ಆಗಲೇ ಬರುವ ದಿನದ ಚಿಂತೆ! ಎಷ್ಟು ಕಾಲ ಸಿಗುತ್ತೆ ಅಂತ ನೋಡ್ತಿದಾನೆ...*

"ನಿಮಗ್ಯಾಕೆ?"

"ಸುಮ್ನೆ," ಎಂದು ನೆಲ ನೋಡಿದ.

ಸುಮ್ಮನೆ ಅಂತೆ. ಆ ವಾರವಿಡೀ ಅವಳಿಗೆ ಓದಿನ ಪುಸ್ತಕ ತೆರೆದರೆ ಅವನ ಮುಖ ಕಾಣುತ್ತಿತ್ತು. ಜಾಗ ಕಸಿಯುವವನ ಮುಖಕ್ಕೆ ಇಷ್ಟು ಸಂಕೋಚ ಎಲ್ಲಿಂದ ಬರಬೇಕು? ನಟನೆಯೇ ಇರಬೇಕು ಅಂದುಕೊಂಡಳು.

ಗುರುವಾರ ರುಹಾನಿ ಅಕ್ಕ ಕ್ಯಾಂಟೀನಿಗೆ ಏದುಸಿರು ಬಿಡುತ್ತ ಬಂದರು.

"ಊಟದ ಹೊತ್ತಲ್ಲಿ ದಿನಾ ನಿನ್ನ ಲ್ಯಾಬಲ್ಲಿ ಸೇರಿಕೊಳ್ತಾನಂತೆ. ಒಳಗಿಂದ ಚಿಲಕ! ಗಾಜಿನ ಸದ್ದು ಕೇಳುತ್ತಂತೆ. ನನ್ನ ಕೇಳಿದ್ರೆ, ಆಗಲೇ ತನ್ನ ಕೈಗೆ ತಕ್ಕ ಹಾಗೆ ಜೋಡಿಸ್ಕೊಳ್ತಿದಾನೆ."

ಜವಿಯಾ ತಟ್ಟೆ ಸರಿಸಿ ಎದ್ದಳು. ಸಾಕು. ಮೇಡಂ ಹತ್ತಿರ ಹೋಗಿ ರಜೆಯೇ ಬೇಡ ಎಂದುಬಿಡುವುದು. ಓದದಿದ್ದರೂ ಚಿಂತೆಯಿಲ್ಲ, ಹಾಸ್ಟೆಲಿನ ಬೀಗದ ಕೈ ಹಂಚುವ ಬಾಳು ಬೇಡ. ಆದರೆ ಮೊದಲು ಅವನ ಮುಖಕ್ಕೆ ಎರಡು ಮಾತು.

ಹಿಂಬದಿಯ ಸಾಮಾನು ಕೋಣೆಯಿಂದ ಲ್ಯಾಬಿಗೆ ಇನ್ನೊಂದು ಬಾಗಿಲಿತ್ತು. ಅದರ ಕೀಲಿ ಅವಳ ಹತ್ತಿರ ಮಾತ್ರ.

ಸದ್ದಿಲ್ಲದೆ ಒಳಗೆ ಬಂದವಳು ಅಲ್ಲೇ ನಿಂತಳು.

ಹಿಲ್ಮಿ ಬೆನ್ನು ಹಾಕಿ ಕೂತಿದ್ದ. ಬಲಗೈ ಪ್ಯಾಂಟಿನ ಜೇಬಿನಲ್ಲಿ. ಎಡಗೈಯಲ್ಲಿ ಬಾಟಲಿ ಹಿಡಿದು, ಬರೀ ನೀರನ್ನು ಅಳತೆ ಗಾಜಿಗೆ ಸುರಿಯುತ್ತಿದ್ದ. ಕೈ ನಡುಗಿ ನೀರು ಮೇಜಿಗೆ ಚೆಲ್ಲಿತು. ಬೈದುಕೊಂಡ. ಒರೆಸಿ, ಬಾಟಲಿಯನ್ನು ಅದು ಇದ್ದಲ್ಲಿಯೇ ಇಟ್ಟು ಮತ್ತೆ ಎತ್ತಿದ.

ಮೇಜಿನ ಮೇಲೆ ಒಂದು ವಸ್ತುವೂ ಕದಲಿರಲಿಲ್ಲ.

"ಬಲಗೈಗೆ ಏನಾಗಿದೆ?" ಅವಳ ದನಿ ಅವಳಿಗೇ ಬೇರೆಯಾಗಿ ಕೇಳಿಸಿತು.

ಅವನು ಬೆಚ್ಚಿ ಎದ್ದ. "ಏನೂ ಇಲ್ಲ... ಚೆನ್ನಾಗೇ ಇದೆ."

"ಮತ್ತೆ?"

"ಬಲಗೈಲಿ ಕೆಲಸ ಮಾಡಿದ್ರೆ ಎಲ್ಲಾ ಈ ಕಡೆಗೆ ತರಬೇಕಾಗುತ್ತೆ. ಇವತ್ತು ಒಂದು ಬಾಟಲಿ, ನಾಳೆ ಕಪಾಟು... ಆಮೇಲೆ ಇದು ನನ್ನ ಮೇಜು ಆಗಿಬಿಡುತ್ತೆ. ನೀವು ಬಂದಾಗ ಇದು ನಿಮ್ಮದೇ ಆಗಿರಬೇಕು."

ಅವಳು ಮುಂಬಾಗಿಲಿನತ್ತ ನೋಡಿದಳು.

"ಹಾಗಾದ್ರೆ ಚಿಲಕ ಯಾಕೆ?"

"ಹೀಗೆ ಚೆಲ್ಲೋದನ್ನ ಮೇಡಂ ನೋಡಿದ್ರೆ ಬೇರೆಯವರನ್ನ ಕೂರಿಸ್ತಾರೆ. ಅವರು ಏಳ್ತಾರೆ ಅಂತ ಏನು ಗ್ಯಾರಂಟಿ?"

"ತಾರೀಖು ಯಾಕೆ ಬೇಕಿತ್ತು?"

ಹಿಲ್ಮಿ ಒದ್ದೆ ಬಟ್ಟೆಯನ್ನು ಹಿಂಡಿದ. "ನೀವಿಲ್ಲದ ದಿನ ಎಷ್ಟು ಅಂತ ತಿಳ್ಕೊಳ್ಳೋಕೆ."

ಫ್ರಿಜ್ಜು ಗುರ್ ಎನ್ನುತ್ತಿತ್ತು.

"ಹೋದ ವರ್ಷ ಇಲ್ಲಿ ನಲ್ಲಿ ರಿಪೇರಿಗೆ ಬಂದಿದ್ದೆ," ಎಂದ ಅವನು ಮೆಲ್ಲಗೆ. "ನೀವು ಎಡಗೈಲಿ ಚಹಾ ಕೊಟ್ರಿ. ತಕ್ಷಣ ಹೆದರಿ, ಲೋಟ ಬಲಗೈಗೆ ಬದಲಾಯಿಸೋಕೆ ಹೋದ್ರಿ. ಅಷ್ಟರಲ್ಲಿ ನಾನು ತಗೊಂಡಿದ್ದೆ. ಅವತ್ತಿಂದ..."

ಚಿಕ್ಕಂದಿನಿಂದ ಆ ಕೈಗೆ ಅಮ್ಮನಿಂದ, ಅತ್ತೆಯರಿಂದ ಏಟು ತಿಂದವಳು ಜವಿಯಾ. ಯಾರೋ ಒಬ್ಬ ಅದನ್ನು ಕಲಿಯಲು ಬಾಗಿಲು ಹಾಕಿಕೊಂಡು ಕೂತಿದ್ದಾನೆ! ಅವಳ ಕಣ್ಣು ತುಂಬಿತು.

"ನಾನು ನಿಮ್ಮನ್ನ ಕಳ್ಳ ಅಂದ್ಕೊಂಡಿದ್ದೆ."

"ಗೊತ್ತು. ಅವತ್ತು ಬಾಗಿಲ ಹತ್ರ ಕೇಳಿಸ್ತು."

"ಮತ್ತೆ ಹೇಳಬಾರದಿತ್ತಾ?"

"ಹೇಳಿದ್ರೆ ನಂಬ್ತಿದ್ರಾ?"

ಅವಳು ಅಳುತ್ತಲೇ ನಕ್ಕಳು. "ಇಲ್ಲ."

ಅವಳು ತನ್ನ ಕುರ್ಚಿ ಎಳೆದು ಕೂತಳು. "ಮೇಜು ಮಾತ್ರ ಕಾಯ್ತೀಯಾ ಹಿಲ್ಮಿ?"

ಆ 'ನೀನು' ಅವನಿಗೆ ತಾಗಿತು. "ನಿನ್ನನ್ನೂ ಕಾಯ್ತೀನಿ ಜವಿಯಾ. ಅದಕ್ಕೆ ಮೇಡಂ ಒಪ್ಪಿಗೆ ಬೇಡ. ನಿಮ್ಮಪ್ಪಂದು ಬೇಕು."

"ಅಪ್ಪ ನನಗಿಂತ ಜಾಸ್ತಿ ಅನುಮಾನ ಪಡ್ತಾರೆ."

"ಪಡಲಿ. ನನಗೀಗ ಅಭ್ಯಾಸ ಆಗಿದೆ."

ಹೊರಗೆ ಯಾರೋ ಬಾಗಿಲು ಬಡಿದರು. "ಜವಿಯಾ, ಎರಡು ಗಂಟೆ ಕ್ಲಾಸಿಗೆ ಐಸ್ ಬೇಕಮ್ಮ," ಎಂದರು ಪ್ರೊಫೆಸರ್.

ಅವಳು ಅಭ್ಯಾಸಬಲದಿಂದ ಅರ್ಧ ಎದ್ದಳು. ಮತ್ತೆ ಕೂತಳು.

ಹಿಲ್ಮಿ ಚಿಲಕ ತೆಗೆದು, ಐಸ್ ತರಲು ಬಕೆಟ್ ಹಿಡಿದು ಹೋದ.